ಎಲ್ಲವೂ ನೀರಿನ ದೋಷವಲ್ಲ

ಕೋಲಾರ ಸೀಮೆಯಲ್ಲಿ ಮೂಳೆ ನೋವಿಗೆ ಕಾರಣ ಹುಡುಕುವ ಕಷ್ಟ ಯಾರಿಗೂ ಇಲ್ಲ. ಸೊಂಟ ಬಗ್ಗಿತೇ? ಬೋರ್ ನೀರು. ಮಕ್ಕಳ ಹಲ್ಲು ಕಂದಾಯಿತೇ? ಬೋರ್ ನೀರು. ಕಿಡ್ನಿಯಲ್ಲಿ ಕಲ್ಲು ಬಂತೇ? ಅದೂ ಬೋರ್ ನೀರೇ. ಇದರಲ್ಲಿ ನಿಜವೂ ಇದೆ, ಹಾಗಾಗಿಯೇ ಇದು ಅಪಾಯದ ಮಾತು. ಪೂರ್ತಿ ಸುಳ್ಳಾಗಿದ್ದರೆ ಯಾರಾದರೂ ಎದ್ದುನಿಂತು ಅಲ್ಲವೆನ್ನುತ್ತಿದ್ದರು. ಎದೆಯಲ್ಲಿ ಏನಾದರೂ ಆದರೆ ಅದಕ್ಕೂ ನಮ್ಮಲ್ಲಿ ಸಿದ್ಧ ಉತ್ತರಗಳಿದ್ದವು: ಕ್ಷಯ, ಇಲ್ಲವೇ ಕೆಜಿಎಫ್ ಗಣಿಯ ಧೂಳು. ಎದೆಗೂಡಿನಲ್ಲಿ ಅಡಗಿ ಕುಳಿತು ಮೂಳೆಯ ಸುಣ್ಣ ಕದಿಯುವ, ಕಿಡ್ನಿಯಲ್ಲಿ ಕಲ್ಲು ಕಟ್ಟಿಸುವ ಒಂದು ಸಣ್ಣ ಗಂಟಿಗೆ ಈ ಉತ್ತರಗಳ ನಡುವೆ ಜಾಗವೇ ಇರಲಿಲ್ಲ.

ನಾನು ಡಾಕ್ಟರಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕೂ ಕಡೆ ಎಕ್ಸ್‌ರೇ ತೆಗೆದವಳು. ಡಾರ್ಕ್‌ರೂಮಿನ ಕೆಂಪು ದೀಪದಡಿ ಡೆವಲಪರ್‌ನಿಂದ ಎತ್ತಿ, ನೀರಿನಲ್ಲಿ ಅದ್ದಿ, ಫಿಕ್ಸರ್‌ಗೆ ಇಳಿಸಿ, ಹ್ಯಾಂಗರ್‌ನಲ್ಲಿ ತೊಟ್ಟಿಕ್ಕುತ್ತಿರುವ ಫಿಲ್ಮನ್ನು ಬೆಳಕಿಗೆ ಹಿಡಿದಾಗ ಎಲ್ಲರಿಗಿಂತ ಮೊದಲು ನೋಡುವವರು ನಾವು. ಹೇಳುವ ಅಧಿಕಾರ ಮಾತ್ರ ನಮಗಿಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿಂದ ಬರುತ್ತಿದ್ದವರ ಬೆನ್ನುಮೂಳೆ ಎಷ್ಟೋ ಸಲ ಅಚ್ಚ ಬಿಳಿ, ಒಂದು ಮಣಿಗೂ ಇನ್ನೊಂದಕ್ಕೂ ಗೆರೆಯೇ ಕಾಣದಂತೆ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಗೂ ಸುಣ್ಣ ಹತ್ತಿ ಅಂಚು ಮುಳ್ಳುಮುಳ್ಳಾಗಿರುತ್ತಿತ್ತು. ಇದು ಫ್ಲೋರೋಸಿಸ್, ನೀರಿನ ಫ್ಲೋರೈಡ್ ತರುವ ಕಾಯಿಲೆ. ಒಮ್ಮೆ ಕಣ್ಣಿಗೆ ಕೂತರೆ ಮರೆಯುವುದಿಲ್ಲ.

ಅಪರೂಪಕ್ಕೆ ಇದಕ್ಕೆ ತದ್ವಿರುದ್ಧದ ಫಿಲ್ಮ್ ಬರುತ್ತಿತ್ತು. "ತಾತಾ, ಕೈ ಅಗಲಿಸಿ ಮಡಗಿ, ಅಲ್ಲಾಡಿಸಬೇಡಿ" ಎಂದು ಹೇಳಿ ತೆಗೆದ ಅಂಗೈ ಚಿತ್ರದಲ್ಲಿ ಮೂಳೆಗಳು ಪೇಲವ. ತೋರುಬೆರಳು, ನಡುಬೆರಳುಗಳ ನಡುಗೆಣ್ಣಿನಲ್ಲಿ, ಅದೂ ಹೆಬ್ಬೆರಳಿನ ಕಡೆಯ ಅಂಚಿನಲ್ಲಿ ಮಾತ್ರ, ಗೆರೆ ತಿಂದುಹೋಗಿರುತ್ತಿತ್ತು. ಬೆರಳ ತುದಿಯ ಮೂಳೆ ಕರಗಿರುತ್ತಿತ್ತು. ಎಲ್ಲೋ ಒಂದು ಕಡೆ ಮೂಳೆ ಊದಿ ಒಳಗೆ ಟೊಳ್ಳು. ಒಂದರಲ್ಲಿ ಸುಣ್ಣ ಮೂಳೆಗೆ ಹೋಗಿ ಸೇರಿದೆ, ಇನ್ನೊಂದರಲ್ಲಿ ಮೂಳೆಯಿಂದ ಹೊರಟುಹೋಗಿದೆ. ಆದರೆ ಇಬ್ಬರೂ ಹೇಳಿಕೊಳ್ಳುವ ನೋವು ಒಂದೇ, ಹಳ್ಳಿಯೂ ಒಂದೇ, ಕುಡಿಯುವ ನೀರೂ ಒಂದೇ.

ಎರಡನೆಯದರ ಹಿಂದಿರುವುದು ಪ್ಯಾರಾಥೈರಾಯ್ಡ್. ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಅಂಟಿಕೊಂಡ, ಸಾಮಾನ್ಯವಾಗಿ ನಾಲ್ಕು ಇರುವ, ಒಂದೊಂದೂ ಹೆಸರುಬೇಳೆಯಷ್ಟಿರುವ ಹಳದಿ-ಕಂದು ಗ್ರಂಥಿಗಳು. ಒಂದರ ತೂಕ 30ರಿಂದ 50 ಮಿಲಿಗ್ರಾಂ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ಮೂಳೆಯಿಂದ ಬಿಡಿಸಿ ತರುವುದು, ಏರಿದಾಗ ಸುಮ್ಮನಾಗುವುದು ಇವುಗಳ ಕೆಲಸ. ನಾಲ್ಕರಲ್ಲಿ ಒಂದು ಗಡ್ಡೆಯಾಗಿ ಬೆಳೆದರೆ ಸುಮ್ಮನಾಗುವುದನ್ನು ಮರೆಯುತ್ತದೆ. ಮೂಳೆ ಟೊಳ್ಳಾಗುತ್ತದೆ, ಕಿಡ್ನಿಯಲ್ಲಿ ಕಲ್ಲು ಕಟ್ಟುತ್ತದೆ, ಹೊಟ್ಟೆ ಕೆಡುತ್ತದೆ, ಮನಸ್ಸು ಮಂಕಾಗುತ್ತದೆ.

ಈ ಗ್ರಂಥಿ ಮೊದಲು ಕಣ್ಣಿಗೆ ಬಿದ್ದದ್ದು ನಮ್ಮ ದೇಶದ ಪ್ರಾಣಿಯೊಂದರ ಕುತ್ತಿಗೆಯಲ್ಲಿ ಎಂಬುದು ನನಗೆ ಯಾವತ್ತೂ ಖುಷಿ ಕೊಡುವ ಸಂಗತಿ. 1834ರಲ್ಲಿ ಲಂಡನ್ನಿನ ಮೃಗಾಲಯಕ್ಕೆ ಸೇರಿದ ಭಾರತದ ಘೇಂಡಾಮೃಗ 1849ರಲ್ಲಿ ಸತ್ತಿತು. ಅದನ್ನು ಕೊಯ್ದು ನೋಡಿದವರು ರಿಚರ್ಡ್ ಓವೆನ್. ಥೈರಾಯ್ಡಿಗೆ ಅಂಟಿದ ಚಿಕ್ಕ ಹಳದಿ ಗ್ರಂಥಿಯೊಂದನ್ನು ಅವರು ಗುರುತಿಸಿ 1850ರಲ್ಲಿ ಓದಿದ ಪ್ರಬಂಧದಲ್ಲಿ ಸೇರಿಸಿದರು. ಪ್ರಬಂಧ ಅಚ್ಚಾದದ್ದು ಆಮೇಲೆ. ಅಷ್ಟು ದೊಡ್ಡ ಮೃಗದಲ್ಲಿ ಅಷ್ಟು ಚಿಕ್ಕದನ್ನು ಕಂಡವರ ಕಣ್ಣು ಮೆಚ್ಚಬೇಕು, ಅದು ಏನೆಂದು ಯಾರೂ ಕೇಳಲಿಲ್ಲ ಅಷ್ಟೇ. ಮನುಷ್ಯನಲ್ಲಿ ಇದನ್ನು ವಿವರಿಸಿ ಹೆಸರಿಟ್ಟವನು ಸ್ವೀಡನ್ನಿನ ಉಪ್ಸಾಲದ ಇವಾರ್ ಸ್ಯಾಂಡ್‌ಸ್ಟ್ರಾಮ್. 1877ರಲ್ಲಿ ವಿದ್ಯಾರ್ಥಿಯಾಗಿದ್ದಾಗ ನಾಯಿಯಲ್ಲಿ ಕಂಡು, ಆಮೇಲೆ 50 ಶವಗಳನ್ನು ಪರೀಕ್ಷಿಸಿ 1880ರಲ್ಲಿ ಪ್ರಕಟಿಸಿದ. ಅವನ ಮಾತಿಗೂ ಆಗ ಬೆಲೆ ಸಿಗಲಿಲ್ಲ. 1889ರಲ್ಲಿ ಜೀವ ಕಳೆದುಕೊಂಡ.

ಸಿದ್ಧ ಉತ್ತರಗಳ ಚಾಳಿ ನಮ್ಮ ಜಿಲ್ಲೆಯದು ಮಾತ್ರವಲ್ಲ, ವಿಯೆನ್ನಾದಂಥ ವಿದ್ಯೆಯ ಊರಿನದೂ ಹೌದು. ಮೂಳೆ ಸವೆದವರ ಶವಗಳಲ್ಲಿ ಈ ಗ್ರಂಥಿ ದೊಡ್ಡದಾಗಿರುವುದನ್ನು ಯಾಕೋಬ್ ಎರ್ಡ್‌ಹೈಮ್ 1906ರ ಹೊತ್ತಿಗೆ ಕಂಡಿದ್ದರು. ಮೂಳೆ ಹಾಳಾಗಿರುವುದರಿಂದ ಅದನ್ನು ಸರಿಮಾಡಲು ಗ್ರಂಥಿ ಬೆಳೆದಿದೆ ಎಂದು ಅವರ ತೀರ್ಮಾನ. ದೊಡ್ಡವರ ಮಾತು, ಎಲ್ಲರೂ ತಲೆದೂಗಿದರು. ಹಾಗಾಗಿ ತೊಡೆಮೂಳೆ ಮುರಿದು ನರಳುತ್ತಿದ್ದ ಟ್ರಾಮ್ ಕಂಡಕ್ಟರ್ ಒಬ್ಬನಿಗೆ ಸರ್ಜನ್ ಫೆಲಿಕ್ಸ್ ಮಾಂಡಲ್ ಮೊದಲು ಮಾಡಿದ್ದು, ಇನ್ನಷ್ಟು ಪ್ಯಾರಾಥೈರಾಯ್ಡ್ ಕೊಡುವುದು! ಗ್ರಂಥಿಯ ಸಾರ ಕೊಟ್ಟರು, ಬೇರೆಯವರ ಗ್ರಂಥಿಯನ್ನು ತಂದು ನಾಟಿದರು. ಒಂದೂ ಫಲಿಸಲಿಲ್ಲ. ಆಗ ಮಾಂಡಲ್ ತಿರುಗಿ ಯೋಚಿಸಿದರು: ಗ್ರಂಥಿಯೇ ಕಳ್ಳನಾಗಿದ್ದರೆ? 1925ರ ಜುಲೈನಲ್ಲಿ ಅವನ ಕುತ್ತಿಗೆ ತೆರೆದು ಎರಡು ಸೆಂಟಿಮೀಟರ್‌ನಷ್ಟಿದ್ದ ಗಡ್ಡೆಯನ್ನು ತೆಗೆದರು. ಆತನ ನೋವು ಇಳಿಯಿತು, ಮೂಳೆ ಗಟ್ಟಿಯಾಗತೊಡಗಿತು. ಕೆಲವು ವರ್ಷಗಳ ನಂತರ ಕಾಯಿಲೆ ಮರಳಿ ಬಂದದ್ದು ಬೇರೆ ಮಾತು. ಉತ್ತರವನ್ನು ತಿರುವಿಹಾಕಿದ್ದು ಆ ದಿನವೇ.

ಎದೆಯ ಕಥೆ ಶುರುವಾಗುವುದು ಇದರ ಬೆನ್ನಿಗೆ, ಅಮೆರಿಕದಲ್ಲಿ. ವ್ಯಾಪಾರಿ ಹಡಗುಗಳ ಕ್ಯಾಪ್ಟನ್ ಚಾರ್ಲ್ಸ್ ಮಾರ್ಟೆಲ್ ಆರಡಿ ಮೀರಿದ ಆಳು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬೆನ್ನು ನೋವು, ಆಮೇಲೆ ಒಂದರ ಹಿಂದೆ ಒಂದು ಮೂಳೆ ಮುರಿತ, ಕಿಡ್ನಿಯಲ್ಲಿ ಕಲ್ಲು. ಬೆನ್ನುಮೂಳೆ ಕುಸಿದು ಏಳು ಅಂಗುಲದಷ್ಟು ಗಿಡ್ಡನಾದ. 1926ರಲ್ಲಿ ನ್ಯೂಯಾರ್ಕಿನ ಬೆಲ್ಯೂ ಆಸ್ಪತ್ರೆಯ ಯೂಜೀನ್ ಡುಬೊಯ್ಸ್ ಇವನ ರಕ್ತದಲ್ಲಿ ಕ್ಯಾಲ್ಸಿಯಂ ಏರಿರುವುದನ್ನು ಕಂಡು, ಇದು ಪ್ಯಾರಾಥೈರಾಯ್ಡ್ ಕೆಲಸ ಎಂದರು. ರೋಗಿ ಇನ್ನೂ ಬದುಕಿರುವಾಗಲೇ ರಕ್ತ ನೋಡಿ ಇದನ್ನು ಹೇಳಿದ್ದು ದೊಡ್ಡ ಹೆಜ್ಜೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಅದೇ ವರ್ಷ ಕುತ್ತಿಗೆ ತೆರೆದರು. ಸಿಕ್ಕಿದ್ದು ಸಹಜ ಗ್ರಂಥಿ. ಮತ್ತೆ ತೆರೆದರು, ಆಗಲೂ ಅಷ್ಟೇ. ನ್ಯೂಯಾರ್ಕಿನಲ್ಲಿ ಮತ್ತೊಮ್ಮೆ. 1932ರಲ್ಲಿ ಬಾಸ್ಟನ್ನಿಗೆ ವಾಪಸ್ ಬಂದಾಗ ಎಡ್ವರ್ಡ್ ಚರ್ಚಿಲ್ ಮತ್ತು ಎಳೆಯ ಸರ್ಜನ್ ಆಲಿವರ್ ಕೋಪ್ ಕೈಹಾಕಿದರು. ಕೋಪ್ ಅದಕ್ಕೆ ಮುಂಚೆ ಶವಗಳನ್ನು ಕೊಯ್ದು ಕೊಯ್ದು ಈ ಗ್ರಂಥಿಯ ಬಣ್ಣ, ನೆಲೆ ಕಲಿತುಕೊಂಡಿದ್ದರು. ಆದರೂ ಕುತ್ತಿಗೆಯಲ್ಲಿ ಗಡ್ಡೆ ಸಿಗಲಿಲ್ಲ. ಆರು ಸಲ ಕುತ್ತಿಗೆ ಕೊಯ್ಸಿಕೊಂಡ ಮೇಲೆ ಕ್ಯಾಪ್ಟನ್ ಸುಮ್ಮನಿರಲಿಲ್ಲ. ಹಾರ್ವರ್ಡ್ ವೈದ್ಯಕೀಯ ಗ್ರಂಥಾಲಯಕ್ಕೆ ಹೋಗಿ ಕೂತು ಅಂಗರಚನೆಯ ಪುಸ್ತಕ ತಿರುವಿ, ಈ ಗ್ರಂಥಿ ಎದೆಯಲ್ಲೂ ಇರಬಹುದು ಎಂದು ಓದಿಕೊಂಡು ಬಂದ. ಎದೆ ತೆರೆಯಿರಿ ಎಂದು ಹಟ ಹಿಡಿದ.

1932ರ ನವೆಂಬರ್‌ನಲ್ಲಿ ಏಳನೆಯ ಶಸ್ತ್ರಚಿಕಿತ್ಸೆ. ಎದೆಮೂಳೆ ಸೀಳಿದಾಗ ಗಡ್ಡೆ ಅಲ್ಲಿತ್ತು, ಸುಮಾರು ಮೂರು ಸೆಂಟಿಮೀಟರ್. ಪೂರ್ತಿ ತೆಗೆದರೆ ಕ್ಯಾಲ್ಸಿಯಂ ಒಮ್ಮೆಲೇ ಕುಸಿದೀತು ಎಂಬ ಹೆದರಿಕೆಯಿಂದ ಹತ್ತರಲ್ಲಿ ಒಂಬತ್ತು ಪಾಲು ತೆಗೆದು, ಉಳಿದ ಚೂರನ್ನು ರಕ್ತನಾಳದ ಸಮೇತ ಉಳಿಸಿದರು. ಹೆದರಿದ್ದೇ ಆಯಿತು. ವರ್ಷಗಟ್ಟಲೆ ಸುಣ್ಣ ಕಳೆದುಕೊಂಡ ಮೂಳೆಗಳು ಗಡ್ಡೆ ಹೋದ ಕೂಡಲೇ ರಕ್ತದಲ್ಲಿದ್ದ ಕ್ಯಾಲ್ಸಿಯಂ ಅನ್ನೆಲ್ಲ ಹೀರಿಕೊಳ್ಳತೊಡಗಿದವು, ಕೈಕಾಲು ಸೆಟೆದುಕೊಂಡವು. ಅದನ್ನು ಹೇಗೋ ದಾಟಿಸಿದರು. ಆದರೆ ಹಳೆಯ ಕಲ್ಲೊಂದು ಮೂತ್ರನಾಳದಲ್ಲಿ ಸಿಕ್ಕಿಹಾಕಿಕೊಂಡು, ಅದನ್ನು ತೆಗೆಯುವ ಶಸ್ತ್ರಚಿಕಿತ್ಸೆಯ ನಂತರ, ಎದೆ ತೆರೆದ ಆರೇ ವಾರಕ್ಕೆ ಕ್ಯಾಪ್ಟನ್ ತೀರಿಕೊಂಡ. ಗ್ರಂಥಿ ಎಲ್ಲಿದೆ ಎಂದು ಸರಿಯಾಗಿ ಹೇಳಿದವನಿಗೇ ಅದರ ಫಲ ಉಣ್ಣಲಾಗಲಿಲ್ಲ. ಮೊದಲ ಕೊಯ್ತಕ್ಕೂ ಕೊನೆಯದಕ್ಕೂ ಆರು ವರ್ಷ ಹೋಗಿತ್ತು. ಡಾಕ್ಟರ ಮುಂದೆ ಓದಿಕೊಂಡು ಬಂದು ಮಾತಾಡುವ ರೋಗಿಯನ್ನು ನಮ್ಮಲ್ಲಿ 'ಅತಿ ಬುದ್ಧಿವಂತ' ಎಂದು ಗದರಿಸುತ್ತಾರಲ್ಲ, ಆಗೆಲ್ಲ ನನಗೆ ಈ ಕ್ಯಾಪ್ಟನ್ ನೆನಪಾಗುತ್ತಾನೆ.

ಕುತ್ತಿಗೆಯ ಗ್ರಂಥಿ ಎದೆಗೆ ಹೇಗೆ ಹೋಯಿತು? ಗರ್ಭದಲ್ಲಿ ಮಗು ರೂಪುಗೊಳ್ಳುವಾಗ ಕೆಳಗಿನ ಜೋಡಿ ಪ್ಯಾರಾಥೈರಾಯ್ಡ್‌ಗಳೂ ಎದೆಯ ಥೈಮಸ್ ಗ್ರಂಥಿಯೂ ಹುಟ್ಟುವುದು ಒಂದೇ ಮೂಲದಿಂದ. ಎರಡೂ ಜೊತೆಯಾಗಿ ಕೆಳಗಿಳಿಯುತ್ತವೆ. ಪ್ಯಾರಾಥೈರಾಯ್ಡ್ ಕುತ್ತಿಗೆಯ ಬುಡದಲ್ಲಿ ನಿಲ್ಲಬೇಕು, ಥೈಮಸ್ ಎದೆಗೆ ಹೋಗಬೇಕು. ಕೆಲವರಲ್ಲಿ ಅದು ನಿಲ್ಲದೆ ಥೈಮಸ್ ಜೊತೆಗೇ ಇಳಿದು ಎದೆಮೂಳೆಯ ಹಿಂದೆ, ಇನ್ನೂ ಕೆಳಗೆ ಮಹಾಪಧಮನಿಯ ಕಮಾನಿನ ಹತ್ತಿರ, ಹೃದಯದ ಚೀಲದ ಪಕ್ಕದವರೆಗೂ ಹೋಗಿಬಿಡುತ್ತದೆ. ಮೇಲಿನ ಜೋಡಿಯ ಗ್ರಂಥಿ ದೊಡ್ಡದಾದರೆ ತನ್ನ ಭಾರಕ್ಕೆ ಅನ್ನನಾಳದ ಹಿಂದಿನಿಂದ ಜಾರಿ ಎದೆಯ ಹಿಂಭಾಗ ಸೇರುವುದೂ ಉಂಟು. ನಾಲ್ಕರ ಬದಲು ಐದು ಗ್ರಂಥಿ ಇರುವವರೂ ಇದ್ದಾರೆ, ಆ ಐದನೆಯದು ಹೆಚ್ಚಾಗಿ ಥೈಮಸ್ ಒಳಗೇ ಇರುತ್ತದೆ.

ಎದೆ ತೆರೆಯುವ ವಿದ್ಯೆ ನಮ್ಮ ಸೀಮೆಯ ಸುತ್ತ ಬಂದದ್ದು ಕ್ಷಯದ ಬೆನ್ನು ಹತ್ತಿ. ಶ್ರೀನಿವಾಸಪುರದಿಂದ ಗಡಿ ದಾಟಿದರೆ ಮದನಪಲ್ಲಿ, ಅದರ ಹತ್ತಿರ ಆರೋಗ್ಯವರಂ. ಮಿಷನ್‌ಗಳೆಲ್ಲ ಸೇರಿ ಕಟ್ಟಿದ ಆ ಕ್ಷಯ ಸ್ಯಾನಟೋರಿಯಂ 1915ರಲ್ಲಿ ಶುರುವಾಯಿತು. ಮೊದಲ ಮುಖ್ಯಸ್ಥರು ಡೆನ್ಮಾರ್ಕಿನ ಡಾಕ್ಟರ್ ಫ್ರಿಮಾಟ್-ಮುಲರ್. ನಮ್ಮ ಅಜ್ಜಿಯ ಕಾಲದವರಿಗೆ 'ಮದನಪಲ್ಲಿಗೆ ಸೇರಿಸಿದ್ದಾರೆ' ಅಂದರೆ ಸಾಕು, ಕಾಯಿಲೆಯ ಹೆಸರು ಹೇಳಬೇಕಿರಲಿಲ್ಲ. ಇತ್ತ ಕೆಜಿಎಫ್‌ನಲ್ಲಿ ಗಣಿ ಕಾರ್ಮಿಕರ ಸಿಲಿಕೋಸಿಸ್, ಅಂದರೆ ಧೂಳಿನ ಕಾಯಿಲೆಯ ಸಮೀಕ್ಷೆ 1940ರ ದಶಕದಲ್ಲೇ ನಡೆದಿತ್ತು. ಎದೆಯ ಎಕ್ಸ್‌ರೇ ಓದುವ ಕಣ್ಣು ಈ ಜಿಲ್ಲೆಯಲ್ಲಿ ತಯಾರಾದದ್ದು ಈ ಎರಡರಿಂದ, ಅದು ಹುಡುಕುತ್ತಿದ್ದದ್ದೂ ಈ ಎರಡನ್ನೇ. ಎದೆಮೂಳೆಯ ಹಿಂದೆ, ಹೃದಯದ ನೆರಳಿನಲ್ಲಿ ಒಂದೆರಡು ಸೆಂಟಿಮೀಟರ್ ಗಂಟಿದ್ದರೆ ಸಾದಾ ಎಕ್ಸ್‌ರೇಯಲ್ಲಿ ಅದು ಕಾಣುವುದೂ ಇಲ್ಲ.

ದೊಡ್ಡ ಕಾಯಿಲೆಗೆ ನಮ್ಮವರದ್ದು ವೆಲ್ಲೂರು ದಾರಿ. ಮಾಲೂರಿನವರು ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿಯುತ್ತಾರೆ. ಮುಳಬಾಗಿಲಿನವರು ನಂಗಲಿ, ಪಲಮನೇರು, ಚಿತ್ತೂರಿನ ಮೇಲೆ ಬಸ್ಸಿನಲ್ಲಿ ಹೋಗುತ್ತಾರೆ. ಬೆಂಗಳೂರು ಹತ್ತಿರವೇ ಇದ್ದರೂ ವೆಲ್ಲೂರಿಗೆ ಹೋಗಿಬಂದೆ ಎಂದರೆ ಊರಿನಲ್ಲಿ ಮಾತು ಮುಗಿಯಿತು, ಆಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಜಿಲ್ಲೆಯಲ್ಲಿ ಹರಿಯಬೇಕಾದ, ಹರಿಯದೆ ಮರಳಾಗಿ ಬಿದ್ದಿರುವ ನಮ್ಮ ಪಾಲಾರ್ ಹೊಳೆಯೂ ಕೊನೆಗೆ ಹೋಗುವುದು ಅದೇ ವೆಲ್ಲೂರಿನ ಮಗ್ಗುಲಿಗೆ. ಐಡಾ ಸ್ಕಡರ್ ಕಟ್ಟಿದ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1940ರ ದಶಕದ ಕೊನೆಯಲ್ಲಿ ಅಮೆರಿಕದ ಸರ್ಜನ್ ರೀವ್ ಬೆಟ್ಸ್ ಬಂದು ಎದೆ ಶಸ್ತ್ರಚಿಕಿತ್ಸೆಯ ವಿಭಾಗ ಶುರುಮಾಡಿದರು. ದೇಶದಲ್ಲಿ ಅಂಥದ್ದು ಮೊದಲನೆಯದೆಂದು ಅದರ ಹೆಸರು. ಮಾರ್ಟೆಲ್ ಸತ್ತು ಎರಡು ದಶಕ ಕಳೆಯುವ ಮುಂಚೆಯೇ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಎದೆ ತೆರೆಯುವ ಕೈಗಳು ನಮಗೆ ಇದ್ದವು. ಎಲ್ಲಿ ಕೊಯ್ಯಬೇಕೆಂದು ತೋರಿಸುವ ಕಣ್ಣು ಇರಲಿಲ್ಲ.

ಆ ಕಣ್ಣು ಬಂದದ್ದು ತಡವಾಗಿ. 1963ರಲ್ಲಿ ಬರ್ಸನ್ ಮತ್ತು ಯಾಲೋ ಪ್ಯಾರಾಥೈರಾಯ್ಡ್ ಹಾರ್ಮೋನನ್ನು ರಕ್ತದಲ್ಲೇ ಅಳೆದು ತೋರಿಸಿದರು. ಗಡ್ಡೆ ಇದೆಯೋ ಇಲ್ಲವೋ ಎಂಬುದು ಇದರಿಂದ ಇತ್ಯರ್ಥವಾಯಿತು, ಎಲ್ಲಿದೆ ಎಂಬುದು ಆಗಲಿಲ್ಲ. ಅಮೆರಿಕದ ಜಾನ್ ಡಾಪ್‌ಮನ್ ಎಂಬ ರೇಡಿಯಾಲಜಿಸ್ಟ್ ಕುತ್ತಿಗೆ, ಎದೆಯ ಒಂದೊಂದು ಅಭಿಧಮನಿಯಿಂದಲೂ ರಕ್ತ ತೆಗೆಸಿ ಎಲ್ಲಿ ಹಾರ್ಮೋನ್ ಹೆಚ್ಚೋ ಅದರ ಜಾಡು ಹಿಡಿಯುವ ಕೆಲಸದಲ್ಲಿ ಪಳಗಿದವರು. ಆದರೂ, ಮೊದಲ ಶಸ್ತ್ರಚಿಕಿತ್ಸೆಗೆ ಮುನ್ನ ಪತ್ತೆ ಮಾಡಬೇಕಾದ್ದು ಒಳ್ಳೆಯ ಪ್ಯಾರಾಥೈರಾಯ್ಡ್ ಸರ್ಜನ್‌ರನ್ನು ಮಾತ್ರ ಎಂಬರ್ಥದ ಅವರ ಮಾತು ಈ ವೃತ್ತಿಯಲ್ಲಿ ಇನ್ನೂ ಓಡಾಡುತ್ತಿದೆ. ಚಿತ್ರ ತೆಗೆಯುವವರೇ ಹೀಗೆ ಹೇಳಿದ್ದು ನನಗೆ ಇಷ್ಟ.

1980ರ ದಶಕದ ಶುರುವಿನಲ್ಲಿ ಥ್ಯಾಲಿಯಂ, ಟೆಕ್ನೀಷಿಯಂ ಎರಡನ್ನೂ ಕೊಟ್ಟು ಒಂದು ಚಿತ್ರದಿಂದ ಇನ್ನೊಂದನ್ನು ಕಳೆಯುವ ಪದ್ಧತಿ ಬಂತು. 1989ರಲ್ಲಿ ಲಂಡನ್ನಿನ ಕೋಕ್ಲಿ ತಂಡ ಸೆಸ್ಟಮಿಬಿಯನ್ನು ಬಳಸಿತು. ಅದು ಹೃದಯದ ಸ್ಕ್ಯಾನಿಗೆಂದು ಮಾಡಿದ ಔಷಧಿ. ರಕ್ತನಾಳಕ್ಕೆ ಕೊಟ್ಟ ಕೂಡಲೇ ಥೈರಾಯ್ಡ್, ಪ್ಯಾರಾಥೈರಾಯ್ಡ್ ಗಡ್ಡೆ ಎರಡೂ ಅದನ್ನು ಹೀರಿಕೊಳ್ಳುತ್ತವೆ. ಎರಡು ಗಂಟೆಯ ಹೊತ್ತಿಗೆ ಥೈರಾಯ್ಡಿನಿಂದ ಅದು ತೊಳೆದುಹೋಗಿರುತ್ತದೆ, ಗಡ್ಡೆ ಮಾತ್ರ ಬಿಡದೆ ಹಿಡಿದಿರುತ್ತದೆ. ಎರಡನೆಯ ಚಿತ್ರದಲ್ಲಿ ಎದೆಯ ನಡುವೆ, ಹೃದಯದ ಮೇಲ್ಗಡೆ ಒಂದೇ ಒಂದು ಚುಕ್ಕಿ ಉಳಿದರೆ ಸಿಕ್ಕಿಬಿದ್ದ ಹಾಗೆ. ಅದು ಎಷ್ಟು ಆಳದಲ್ಲಿದೆ, ಯಾವ ರಕ್ತನಾಳದ ಪಕ್ಕ ಎಂದು ಸಿಟಿ ಸ್ಕ್ಯಾನ್ ಹೇಳುತ್ತದೆ. ಥೈರಾಯ್ಡಿನ ಸಾದಾ ಗಂಟುಗಳೂ ಕೆಲವೊಮ್ಮೆ ಔಷಧಿಯನ್ನು ಹಿಡಿದುಕೊಂಡು ದಾರಿ ತಪ್ಪಿಸುತ್ತವೆ. ಗಾಮಾ ಕ್ಯಾಮರಾ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಲ್ಲ. ಅದಕ್ಕೆ ಬೆಂಗಳೂರಿಗೋ ವೆಲ್ಲೂರಿಗೋ ಹೋಗಲೇಬೇಕು.

ಪತ್ತೆಯಾದ ಮೇಲೂ ಎಲ್ಲರಿಗೂ ಎದೆಮೂಳೆ ಸೀಳಬೇಕಾಗಿಲ್ಲ. ಎದೆಗಿಳಿದ ಗಡ್ಡೆಗಳಲ್ಲಿ ಹೆಚ್ಚಿನವು ಥೈಮಸ್‌ನ ಮೇಲ್ತುದಿಯಲ್ಲೇ ಇರುವುದರಿಂದ, ಕುತ್ತಿಗೆಯ ಗಾಯದಿಂದಲೇ ಥೈಮಸ್ಸನ್ನು ಮೆಲ್ಲಗೆ ಮೇಲಕ್ಕೆಳೆದು ತೆಗೆಯಲಾಗುತ್ತದೆ. ತೀರಾ ಕೆಳಗಿದ್ದರೆ ಮಾತ್ರ ಎದೆಗೆ ಕೈಹಾಕುವುದು, ಅಂಥವರು ಈ ಕಾಯಿಲೆಯವರಲ್ಲಿ ನೂರಕ್ಕೆ ಒಬ್ಬರೋ ಇಬ್ಬರೋ. 1994ರಲ್ಲಿ ರಿಚರ್ಡ್ ಪ್ರಿನ್ಜ್ ಮತ್ತು ಸಂಗಡಿಗರು ಎದೆಯೊಳಗೆ ಇಳಿಸುವ ಕ್ಯಾಮರಾ ನಳಿಗೆಯ ನೆರವಿನಿಂದ ಅಲ್ಲಿನ ಗ್ರಂಥಿಗಳನ್ನು ತೆಗೆದ ವರದಿ ಪ್ರಕಟಿಸಿದ ಮೇಲೆ ಅದೂ ಹಗುರವಾಯಿತು. ಅರಿವಳಿಕೆಯವರು ಆ ಬದಿಯ ಶ್ವಾಸಕೋಶಕ್ಕೆ ಗಾಳಿ ನಿಲ್ಲಿಸಿ ಜಾಗ ಬಿಡಿಸಿಕೊಡುತ್ತಾರೆ, ಪಕ್ಕೆಯಲ್ಲಿ ಎರಡು ಮೂರು ಸಣ್ಣ ತೂತು, ಒಂದರಲ್ಲಿ ಕ್ಯಾಮರಾ. ಗಡ್ಡೆ ಹೊರಬಂದ ಹತ್ತು ನಿಮಿಷಕ್ಕೆ ರಕ್ತ ಪರೀಕ್ಷಿಸಿ, ಹಾರ್ಮೋನ್ ಅರ್ಧಕ್ಕಿಂತ ಕೆಳಗಿಳಿದಿದ್ದರೆ ಹೊಲಿಗೆ ಹಾಕಬಹುದು. ಆ ಹಾರ್ಮೋನ್ ರಕ್ತದಲ್ಲಿ ಕೆಲವೇ ನಿಮಿಷ ಬಾಳುವಂಥದ್ದಾದ್ದರಿಂದ ಇದು ಸಾಧ್ಯ. ಕ್ಯಾಪ್ಟನ್ ಮಾರ್ಟೆಲ್‌ನ ಮೊದಲ ಶಸ್ತ್ರಚಿಕಿತ್ಸೆಯ ಮೇಜಿನ ಪಕ್ಕ ಈ ಪರೀಕ್ಷೆ ಇದ್ದಿದ್ದರೆ ಅಂದೇ ಗೊತ್ತಾಗುತ್ತಿತ್ತು, ತೆಗೆದದ್ದು ಅದಲ್ಲ ಅಂತ.

ಈಗ ನೀರಿನ ವಿಷಯ. ಫ್ಲೋರೈಡ್ ನೀರಿನಿಂದ ಮೂಳೆ ಕೆಡುತ್ತದೆಂದು ಈ ದೇಶದಲ್ಲಿ ಮೊದಲು ವರದಿಯಾದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರಿನಿಂದ. ಆಗ ನಮ್ಮವರು ಕುಡಿಯುತ್ತಿದ್ದದ್ದು ಕೆರೆ, ಸೇದುವ ಬಾವಿಗಳ ನೀರು. ಕೆರೆಗಳ ಜಿಲ್ಲೆ ನಮ್ಮದು. ಕೋಲಾರಮ್ಮನ ಕೆರೆ, ನರಸಾಪುರದ ಕೆರೆ, ನಂಗಲಿ ಕೆರೆ ತುಂಬಿದರೆ ವರ್ಷವೇ ತುಂಬಿದ ಹಾಗೆ. ಬಾವಿ ಬತ್ತಿ ಕೊಳವೆಬಾವಿ ಬಂತು, ಅದು ಸಾವಿರ ಅಡಿ ದಾಟಿತು. ಆಳದ ಕಲ್ಲಿನಲ್ಲಿ ಕಾಲಕಾಲದಿಂದ ನಿಂತ ನೀರು ತನ್ನ ಜೊತೆ ಫ್ಲೋರೈಡ್ ತಂದಿತು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದೆಂಬುದು ಮಿತಿ. ಈಗ ಊರೂರಿಗೆ ಶುದ್ಧ ನೀರಿನ ಘಟಕ, ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. 2018ರಿಂದ ಬೆಂಗಳೂರಿನ ಕೊಳಚೆಯನ್ನು ಶುದ್ಧಿ ಮಾಡಿ ಕೆ.ಸಿ. ವ್ಯಾಲಿಯಿಂದ ಕೆರೆಗಳಿಗೆ ಹರಿಸುತ್ತಿದ್ದಾರೆ. ಅದರ ಜಗಳ ಬೇರೆಯೇ ಇದೆ, ಇಲ್ಲಿ ಬೇಡ.

ನೀರಿಗೂ ಈ ಗ್ರಂಥಿಗೂ ಸಂಬಂಧವೇ ಇಲ್ಲವೆಂದೂ ಹೇಳುವ ಹಾಗಿಲ್ಲ. 1973ರಲ್ಲಿ ಮೀರತ್‌ನ ತಿಯೋಟಿಯಾ ದಂಪತಿ ಫ್ಲೋರೋಸಿಸ್ ರೋಗಿಗಳಲ್ಲಿ ಪ್ಯಾರಾಥೈರಾಯ್ಡ್ ಅತಿಯಾಗಿ ಕೆಲಸ ಮಾಡುವುದನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಫ್ಲೋರೈಡ್ ಹತ್ತಿದ ಮೂಳೆ ಕ್ಯಾಲ್ಸಿಯಂ ಅನ್ನು ಎಳೆದುಕೊಂಡಾಗ ರಕ್ತದಲ್ಲಿ ಅದು ಕಡಿಮೆ ಬೀಳುತ್ತದೆ, ಅದನ್ನು ತುಂಬಲು ಗ್ರಂಥಿಗಳು ದುಡಿದು ದುಡಿದು ಬೆಳೆಯುತ್ತವೆ. ಎರ್ಡ್‌ಹೈಮ್ ವಿಯೆನ್ನಾದಲ್ಲಿ ಹೇಳಿದ್ದು ಇಂಥವರ ಮಟ್ಟಿಗೆ ತಪ್ಪಲ್ಲ! ವ್ಯತ್ಯಾಸ ಸಿಗುವುದು ರಕ್ತದಲ್ಲಿ. ನೀರಿನಿಂದ ದುಡಿಯುವ ಗ್ರಂಥಿಯಾದರೆ ಕ್ಯಾಲ್ಸಿಯಂ ಸಾಧಾರಣವಾಗಿ ಮಟ್ಟದಲ್ಲಿ ಅಥವಾ ಕೆಳಗಿರುತ್ತದೆ. ಗಡ್ಡೆಯಾದರೆ ಏರಿರುತ್ತದೆ.

ಮುಳಬಾಗಿಲು ಕಡೆಯ ನಮ್ಮ ನೆಂಟರೊಬ್ಬರು ವರ್ಷಗಟ್ಟಲೆ ಕಿಡ್ನಿ ಕಲ್ಲಿಗೆ ಬಾಳೆದಿಂಡಿನ ರಸ ಕುಡಿದವರು. ಸೊಂಟ ಹಿಡಿದಾಗ ಅವರಿಗೆ ಸಿಕ್ಕ ಸಲಹೆ, ನೀರು ಬದಲಾಯಿಸಿ. ಬದಲಾಯಿಸಿದರು, ದುಡ್ಡು ಕೊಟ್ಟು ಕ್ಯಾನ್ ತರಿಸಿದರು. ಬಚ್ಚಲಲ್ಲಿ ಜಾರಿ ತೊಡೆಮೂಳೆ ಮುರಿದಾಗ ಅವರ ಅಂಗೈ ಫಿಲ್ಮ್ ನೋಡಿ, ಒಂದು ಕ್ಯಾಲ್ಸಿಯಂ ಬರೆಸಿಕೊಳ್ಳಿ ಎಂದು ಬೇಡಿಕೊಂಡೆ. ಹದಿಮೂರರ ಮೇಲೆ ಬಂತು. ಇರಬೇಕಾದ್ದು ಎಂಟೂವರೆಯಿಂದ ಹತ್ತೂವರೆಯ ಒಳಗೆ. ಗಡ್ಡೆ ಎದೆಮೂಳೆಯ ಹಿಂದೆ ಥೈಮಸ್‌ನಲ್ಲಿತ್ತು, ಕುತ್ತಿಗೆಯಿಂದಲೇ ತೆಗೆದರು. ಅದಾದ ಮೇಲೆ ಅವರ ತುಟಿಯ ಸುತ್ತ ಜುಮುಜುಮು, ಬೆರಳು ಸೆಟೆತ. ದಿನಗಟ್ಟಲೆ ಕ್ಯಾಲ್ಸಿಯಂ ಡ್ರಿಪ್ಪು, ಆಮೇಲೆ ಹಿಡಿ ಹಿಡಿ ಮಾತ್ರೆ. "ಏನಮ್ಮಾ, ಆಪರೇಷನ್ ಆದಮೇಲೇ ಕಾಯಿಲೆ ಶುರುವಾಯ್ತಲ್ಲ" ಅಂದರು. ಮೂಳೆ ತನ್ನ ಸಾಲ ವಸೂಲಿ ಮಾಡಿಕೊಳ್ತಾ ಇದೆ ಅಣ್ಣಾ, ಸ್ವಲ್ಪ ತಡ್ಕೊಳಿ ಅಂದೆ. ಈಗ ಕೋಲು ಬಿಟ್ಟು ತೋಟಕ್ಕೆ ಹೋಗುತ್ತಾರೆ. ಕ್ಯಾನ್ ನೀರು ಮಾತ್ರ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ.

ನನಗಿರುವ ತಕರಾರು ಒಂದೇ. ಪೇಟೆಯ ಲ್ಯಾಬುಗಳ 'ಫುಲ್ ಬಾಡಿ' ಪಟ್ಟಿಯಲ್ಲಿ ಏನೇನೋ ಇರುತ್ತದೆ, ಕ್ಯಾಲ್ಸಿಯಂ ಎಷ್ಟೋ ಸಲ ಇರುವುದಿಲ್ಲ. ಇದ್ದರೂ ಯಾರೂ ಅದರ ಮೇಲೆ ಬೆರಳಿಡುವುದಿಲ್ಲ. ಹಾಗಾಗಿ ಕಲ್ಲು ಮರುಕಳಿಸಿದವರು, ಸಣ್ಣ ಪೆಟ್ಟಿಗೆ ಮೂಳೆ ಮುರಿದವರು ಯಾರು ಸಿಕ್ಕರೂ ಅದನ್ನು ಕೇಳಿ ಮಾಡಿಸಿಕೊಳ್ಳಿ ಎನ್ನುವುದು ನನ್ನ ಚಟವಾಗಿದೆ. ಹೋದ ಬೇಸಿಗೆಯಲ್ಲಿ ಮಾವಿನ ಕೊಯ್ಲಿಗೆಂದು ಶ್ರೀನಿವಾಸಪುರಕ್ಕೆ ಬಂದಿದ್ದ ನಾದಿನಿ ಮೈಕೈ ನೋವು ಅಂದಳು. ಅವಳಿಗೂ ಮಾಡಿಸಿದೆ. 9.4 ಬಂತು. ದುಡ್ಡು ದಂಡ ಮಾಡಿಸಿದೆ ಅಂತ ಈಗಲೂ ಬೈಯುತ್ತಾಳೆ.